2026ರ ಫುಟ್‌ಬಾಲ್ ವಿಶ್ವಕಪ್ ಅರ್ಹತಾ ಸುತ್ತು: ಭಾರತ ಹೊರಬಿದ್ದದ್ದು ದೋಹಾದಲ್ಲೋ, ಗುವಾಹಟಿಯಲ್ಲೋ?

ಕಂಠೀರವ ಪೂರ್ವ ಗ್ಯಾಲರಿ

2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0–1ರಿಂದ ಸೋತ ಮೇಲೆ ಗೆಳೆಯರ ನಡುವೆ ಹಳೆಯ ಮಾತೊಂದು ಮತ್ತೆ ಕೇಳಿಬರುತ್ತಿದೆ. ದೋಹಾದಲ್ಲಿ ಕತಾರ್ ಎದುರಿನ ಪಂದ್ಯದಲ್ಲಿ ಆ ರೆಫರಿ ಹೊರಗೆ ಹೋದ ಚೆಂಡಿಗೆ ಗೋಲು ಕೊಡದೇ ಇದ್ದಿದ್ದರೆ ನಾವು ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನಲ್ಲಿರುತ್ತಿದ್ದೆವು, 2027ರ ಏಷ್ಯಾ ಕಪ್‌ಗೂ ನೇರವಾಗಿ ಹೋಗುತ್ತಿದ್ದೆವು, ಸಿಂಗಪುರ, ಹಾಂಗ್‌ಕಾಂಗ್, ಬಾಂಗ್ಲಾದೇಶಗಳ ಜೊತೆ ಮತ್ತೊಂದು ಅರ್ಹತಾ ಸುತ್ತು ಆಡುವ ಪ್ರಮೇಯವೇ ಬರುತ್ತಿರಲಿಲ್ಲ ಎಂಬುದು ಆ ಮಾತು. ಆ ಗೋಲು ತಪ್ಪು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಎಲ್ಲ ಹೊಣೆಯನ್ನೂ ಅದೊಂದರ ತಲೆಗೆ ಕಟ್ಟಿದರೆ ನಮ್ಮ ತಂಡದ ನಿಜವಾದ ಕೊರತೆ ಕಣ್ಣಿಗೆ ಬೀಳದೇ ಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಎರಡನೇ ಸುತ್ತಿನ ‘ಎ’ ಗುಂಪಿನ ಆರೂ ಪಂದ್ಯಗಳನ್ನು ಮೊದಲು ಎದುರಿಗಿಟ್ಟುಕೊಳ್ಳೋಣ.

2023ರ ನವೆಂಬರ್ 16ರಂದು ಕುವೈತ್ ನಗರದಲ್ಲಿ ಮನ್‌ವೀರ್ ಸಿಂಗ್ 75ನೇ ನಿಮಿಷದಲ್ಲಿ ಹೊಡೆದ ಗೋಲಿನಿಂದ 1–0 ಗೆಲುವು. ಐದು ದಿನಗಳ ನಂತರ ಭುವನೇಶ್ವರದಲ್ಲಿ ಕತಾರ್ ಎದುರು 0–3 ಸೋಲು. 2024ರ ಮಾರ್ಚ್ 21ರಂದು ಸೌದಿ ಅರೇಬಿಯಾದ ಅಭಾದಲ್ಲಿ ಅಫ್ಗಾನಿಸ್ತಾನದ ಜೊತೆ ಗೋಲುರಹಿತ ಡ್ರಾ, 26ರಂದು ಗುವಾಹಟಿಯಲ್ಲಿ ಅದೇ ತಂಡಕ್ಕೆ 1–2ರಿಂದ ಶರಣಾಗತಿ. ಜೂನ್ 6ರಂದು ಕೋಲ್ಕತ್ತದ ಸಾಲ್ಟ್‌ಲೇಕ್‌ನಲ್ಲಿ, ಸುನಿಲ್ ಛೆಟ್ರಿ ವಿದಾಯ ಹೇಳಿದ ರಾತ್ರಿ, ಕುವೈತ್ ಜೊತೆ ಮತ್ತೆ ಗೋಲುರಹಿತ ಡ್ರಾ. ಕೊನೆಗೆ ಜೂನ್ 11ರಂದು ದೋಹಾದಲ್ಲಿ ಕತಾರ್ ಎದುರು 1–2 ಸೋಲು.

ಆರು ಪಂದ್ಯ, ಮೂರು ಗೋಲು, ಐದು ಅಂಕ. ಆ ಮೂರರಲ್ಲಿ ಒಂದು ಪೆನಾಲ್ಟಿ. ಇಷ್ಟು ಕಡಿಮೆ ಗೋಲು ಹೊಡೆದ ತಂಡ ಒಬ್ಬ ರೆಫರಿಯ ತಪ್ಪಿಗೆ ಬಲಿಯಾಗುವಷ್ಟು ಇಕ್ಕಟ್ಟಿನ ಜಾಗದಲ್ಲಿ ನಿಂತದ್ದಾದರೂ ಏಕೆ ಎಂಬುದೇ ನನ್ನ ಪ್ರಶ್ನೆ.

ನಿಯಮ ಪುಸ್ತಕ

ಚರ್ಚೆ ಮುಂದುವರಿಯುವ ಮೊದಲು ಆ ಗೋಲಿನ ಬಗ್ಗೆ ನಿಯಮ ಏನು ಹೇಳುತ್ತದೆ ಎಂಬುದನ್ನು ದಾಖಲಿಸುವುದು ಒಳ್ಳೆಯದು. ಈಗಲೂ ಹಲವರು ಅದನ್ನು ಆಫ್‌ಸೈಡ್ ಎಂದೇ ತಿಳಿದಿದ್ದಾರೆ. ಅದು ಆಫ್‌ಸೈಡ್ ಪ್ರಶ್ನೆಯಲ್ಲ. 73ನೇ ನಿಮಿಷದಲ್ಲಿ ಕತಾರ್‌ನ ಯೂಸುಫ್ ಅಯ್ಮನ್ ತಲೆಯಿಂದ ಕಳಿಸಿದ ಚೆಂಡನ್ನು ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ತಡೆದರು. ಕೈಗೆ ಪೂರ್ತಿ ಸಿಗದ ಚೆಂಡು ಗೋಲು ಕಂಬದ ಪಕ್ಕದಲ್ಲಿ ಗೆರೆ ದಾಟಿ ಹೊರಗೆ ಉರುಳಿತು. ಹಾಶ್ಮಿ ಹುಸೇನ್ ಅದನ್ನು ಕಾಲಿನಿಂದ ಒಳಕ್ಕೆ ಎಳೆದು ಕೊಟ್ಟರು, ಅಯ್ಮನ್ ಬಲೆಗೆ ಸೇರಿಸಿದರು. ಚೆಂಡಿನ ಪೂರ್ಣ ಭಾಗ ಗೆರೆಯನ್ನು ದಾಟಿದ ಕ್ಷಣಕ್ಕೆ ಆಟ ನಿಂತಿತು ಎಂದೇ ಒಂಬತ್ತನೇ ನಿಯಮದ ಅರ್ಥ. ಆಮೇಲೆ ನಡೆದದ್ದಕ್ಕೆ ಬೆಲೆ ಇಲ್ಲ, ಕಾರ್ನರ್ ಕಿಕ್ ಕೊಟ್ಟು ಆಟ ಮುಂದುವರಿಸಬೇಕಿತ್ತು. ದಕ್ಷಿಣ ಕೊರಿಯಾದ ರೆಫರಿ ಕಿಮ್ ವೂ-ಸುಂಗ್ ಆಗಲಿ, ಗೆರೆಯ ಬಳಿಯ ಸಹಾಯಕ ರೆಫರಿಯಾಗಲಿ ಅದನ್ನು ಗುರುತಿಸಲಿಲ್ಲ. ಎರಡನೇ ಸುತ್ತಿನಲ್ಲಿ ವಿಡಿಯೊ ರೆಫರಿ ವ್ಯವಸ್ಥೆ ಇರಲಿಲ್ಲವಾದ್ದರಿಂದ ಪರಿಶೀಲಿಸುವ ದಾರಿಯೂ ಇರಲಿಲ್ಲ.

ಮರುಪಂದ್ಯ ಏಕೆ ಆಗಲಿಲ್ಲ ಎಂದು ಕೇಳುವವರಿಗೆ ಐದನೇ ನಿಯಮವೇ ಉತ್ತರ. ಗೋಲು ಆಯಿತೋ ಇಲ್ಲವೋ ಎಂಬುದೂ ಸೇರಿದಂತೆ ಆಟದ ಸಂಗತಿಗಳ ಬಗ್ಗೆ ರೆಫರಿಯ ತೀರ್ಮಾನವೇ ಅಂತಿಮ, ಮತ್ತು ಆಟ ಪುನಃ ಶುರುವಾದ ನಂತರ ಅದನ್ನು ಬದಲಿಸಲು ಅವರಿಗೂ ಅಧಿಕಾರವಿಲ್ಲ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಪಂದ್ಯದ ಕಮಿಷನರ್‌ಗೆ ದೂರು ಕೊಟ್ಟಿತು, ಫಿಫಾಕ್ಕೂ ಏಷ್ಯಾ ಒಕ್ಕೂಟಕ್ಕೂ ಪತ್ರ ಬರೆಯಿತು. ಫಲಿತಾಂಶ ಮಾತ್ರ ಹಾಗೆಯೇ ಉಳಿಯಿತು.

ದೋಹಾ ಕನ್ನಡಿಗ

ಪೂರ್ವ ಗ್ಯಾಲರಿಯವರೇ, ನಿಮ್ಮ ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಆ ರಾತ್ರಿ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ನಾನಿದ್ದೆ. ಇಲ್ಲಿ ದುಡಿಯುವ ಮಲಯಾಳಿಗಳು, ಬಂಗಾಳಿಗಳು, ತುಳುವರು, ಕನ್ನಡಿಗರು ಕೆಲಸ ಮುಗಿಸಿಕೊಂಡು ಬಂದು ಕೂತಿದ್ದರು. 37ನೇ ನಿಮಿಷದಲ್ಲಿ ಲಾಲಿಯಾನ್‌ಜುವಾಲಾ ಛಾಂಗ್ಟೆ ಗೋಲು ಹೊಡೆದಾಗ ಅದು ಕತಾರ್‌ನ ತವರು ಅಂಗಣ ಎಂದು ಯಾರಿಗೂ ಅನಿಸಿರಲಿಕ್ಕಿಲ್ಲ. ಏಷ್ಯಾ ಚಾಂಪಿಯನ್ನರ ಮನೆಯಲ್ಲಿ ನಮ್ಮ ಹುಡುಗರು ಅರ್ಧ ಗಂಟೆಗೂ ಹೆಚ್ಚು ಕಾಲ ಮುನ್ನಡೆ ಕಾಪಾಡಿಕೊಂಡಿದ್ದರು, ಅಷ್ಟೂ ಹೊತ್ತು ಅಂಕಪಟ್ಟಿಯಲ್ಲಿ ಎರಡನೇ ಸ್ಥಾನ ನಮ್ಮದಾಗಿತ್ತು.

ಕತಾರ್ ಮೊದಲ ನಾಲ್ಕೂ ಪಂದ್ಯ ಗೆದ್ದು ಮುಂದಿನ ಸುತ್ತು ಖಚಿತಪಡಿಸಿಕೊಂಡಿದ್ದರಿಂದ ಹೊಸಬರ ತಂಡವನ್ನು ಇಳಿಸಿತ್ತು, ಅದು ನಿಜ. ಆದರೂ ಅದು ಕತಾರ್. ಅಂಥ ಮುನ್ನಡೆಯನ್ನು ಅನ್ಯಾಯವಾಗಿ ಕಿತ್ತುಕೊಂಡಾಗ ತಂಡದ ಮನಸ್ಸು ಏನಾಗುತ್ತದೆ ಎಂಬುದನ್ನು ಅಂಕಪಟ್ಟಿ ಹೇಳುವುದಿಲ್ಲ. ನಾಯಕನ ಪಟ್ಟಿ ಕಟ್ಟಿಕೊಂಡಿದ್ದ ಗುರ್‌ಪ್ರೀತ್ ಮತ್ತು ಅವರ ಸಂಗಡಿಗರು ರೆಫರಿಯನ್ನು ಸುತ್ತುವರಿದು ಕೇಳಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಆ ನಂತರ ಆಟದಲ್ಲಿ ಹಿಡಿತ ಉಳಿಯಲಿಲ್ಲ. 85ನೇ ನಿಮಿಷದಲ್ಲಿ ಅಹ್ಮದ್ ಅಲ್-ರಾವಿ ಹೊಡೆದ ಎರಡನೇ ಗೋಲು ಮೊದಲನೆಯದರ ಮಗು. ಎರಡನ್ನೂ ಬೇರೆಬೇರೆಯಾಗಿ ಎಣಿಸುವುದು ಸರಿಯಲ್ಲ.

ಕಂಠೀರವ ಪೂರ್ವ ಗ್ಯಾಲರಿ

ದೋಹಾ ಕನ್ನಡಿಗರೇ, ಕಣ್ಣಾರೆ ಕಂಡವರ ಮಾತಿಗೆ ನಾನು ಎದುರಾಡುವುದಿಲ್ಲ. ಆದರೂ ಲೆಕ್ಕವನ್ನು ಒಮ್ಮೆ ಪೂರ್ತಿ ಮಾಡಿ ನೋಡಬೇಕು. ಕೊನೆಯ ದಿನಕ್ಕೆ ಮುಂಚೆ ಭಾರತಕ್ಕೆ 5 ಅಂಕ, ಅಫ್ಗಾನಿಸ್ತಾನಕ್ಕೆ 5, ಕುವೈತ್‌ಗೆ 4. ಅದೇ ರಾತ್ರಿ ಕುವೈತ್ 81ನೇ ನಿಮಿಷದ ಗೋಲಿನಿಂದ ಅಫ್ಗಾನಿಸ್ತಾನವನ್ನು 1–0ರಿಂದ ಸೋಲಿಸಿ 7 ಅಂಕಕ್ಕೆ ಏರಿತು. ಅಂದರೆ 73ನೇ ನಿಮಿಷದ ಗೋಲನ್ನು ರೆಫರಿ ತಳ್ಳಿಹಾಕಿ, 85ನೇ ನಿಮಿಷದ್ದು ಮಾತ್ರ ಉಳಿದು, ಪಂದ್ಯ 1–1ರಲ್ಲಿ ಮುಗಿದಿದ್ದರೂ ನಮಗೆ 6 ಅಂಕ, ಕುವೈತ್‌ಗೆ 7. ಆಗಲೂ ನಾವು ಮನೆಗೆ. ದೋಹಾದಲ್ಲಿ ಗೆಲುವೊಂದೇ ದಾರಿಯಾಗಿತ್ತು. ಹತ್ತಿರ ಹತ್ತಿರ 20 ನಿಮಿಷ ಇನ್ನೂ ಮುನ್ನಡೆಯನ್ನು ಕಾಯಬೇಕಿತ್ತು.

ಕಾಯುತ್ತಿದ್ದೆವೋ ಏನೋ, ಅದನ್ನು ಯಾರೂ ಖಚಿತವಾಗಿ ಹೇಳಲಾರರು. ಆದರೆ ಗುವಾಹಟಿಯಲ್ಲಿ ಅಫ್ಗಾನಿಸ್ತಾನದ ಎದುರು ಇದ್ದ 1–0 ಮುನ್ನಡೆಯನ್ನು ಉಳಿಸಿಕೊಂಡಿದ್ದರೆ, ದೋಹಾಕ್ಕೆ ಹೋಗುವಾಗಲೇ ನಮ್ಮ ಬಳಿ 8 ಅಂಕ ಇರುತ್ತಿತ್ತು. ಕುವೈತ್ ಕೊನೆಯ ಪಂದ್ಯ ಗೆದ್ದರೂ 7ಕ್ಕೆ ನಿಲ್ಲುತ್ತಿತ್ತು, ಅಫ್ಗಾನಿಸ್ತಾನಕ್ಕೆ 2ರ ಮೇಲೆ 3 ಸೇರಿದರೂ 5. ಆಗ ದೋಹಾದ ರೆಫರಿ ಎಷ್ಟು ತಪ್ಪು ಮಾಡಿದ್ದರೂ ನಮಗೆ ಹಾನಿಯಿರಲಿಲ್ಲ.

ಹುಬ್ಬಳ್ಳಿ ಓದುಗಿ

ಲೆಕ್ಕವನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನನ್ನಂಥವರಿಗೆ ಒಂದು ಗೊಂದಲ ಇನ್ನೂ ಉಳಿದಿದೆ. ವಿಶ್ವಕಪ್ ಅರ್ಹತೆಯ ಸುತ್ತಿನಲ್ಲಿ ಮೂರನೆಯವರಾದ ಮೇಲೆ ಭಾರತ ಏಷ್ಯಾ ಕಪ್ ಅರ್ಹತೆಯಲ್ಲಿ ಆಡಿದ್ದು ಹೇಗೆ? ಇವೆರಡೂ ಬೇರೆ ಟೂರ್ನಿಗಳಲ್ಲವೇ?

ನಿಯಮ ಪುಸ್ತಕ

ಮೊದಲ ಎರಡು ಸುತ್ತುಗಳು ಎರಡೂ ಟೂರ್ನಿಗಳಿಗೆ ಸೇರಿದವು, ಮೇಡಂ. ವಿಶ್ವಕಪ್‌ನ ತಂಡಗಳ ಸಂಖ್ಯೆ 48ಕ್ಕೆ ಏರಿದ್ದರಿಂದ ಏಷ್ಯಾಕ್ಕೆ ನೇರ ಸ್ಥಾನಗಳೇ 8 ಸಿಕ್ಕವು, ಪ್ಲೇಆಫ್ ಮೂಲಕ ಇನ್ನೊಂದಕ್ಕೂ ಅವಕಾಶ ಇತ್ತು. ಎರಡನೇ ಸುತ್ತಿನಲ್ಲಿ 36 ತಂಡಗಳು, ನಾಲ್ಕರಂತೆ ಒಂಬತ್ತು ಗುಂಪು. ಪ್ರತಿ ಗುಂಪಿನ ಮೊದಲ ಇಬ್ಬರು ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿಗೂ, 2027ರಲ್ಲಿ ಸೌದಿ ಅರೇಬಿಯಾದಲ್ಲಿ ನಡೆಯುವ ಏಷ್ಯಾ ಕಪ್‌ಗೂ ಒಟ್ಟಿಗೇ ಅರ್ಹತೆ ಪಡೆದರು. ಉಳಿದವರಿಗೆ ಏಷ್ಯಾ ಕಪ್‌ನ ಪ್ರತ್ಯೇಕ ಅರ್ಹತಾ ಸುತ್ತು: 24 ತಂಡ, ಆರು ಗುಂಪು, ಗುಂಪಿಗೆ ಒಬ್ಬರೇ. ಎರಡನೇ ಸ್ಥಾನಕ್ಕೆ ಏನೂ ಇಲ್ಲ. ಭಾರತದ ಗುಂಪಿನಿಂದ ಸಿಂಗಪುರ ಆ ಒಂದು ಸ್ಥಾನ ಪಡೆಯಿತು. 1984ರಲ್ಲಿ ಆತಿಥೇಯರಾಗಿ ಆಡಿದ್ದನ್ನು ಬಿಟ್ಟರೆ ಏಷ್ಯಾ ಕಪ್‌ಗೆ ಅವರು ಹೋಗುತ್ತಿರುವುದು ಇದೇ ಮೊದಲು.

ಆಸ್ಟಿನ್ ಟೌನ್ ಹಳಬ

ಗುವಾಹಟಿಯ ವಿಷಯ ಬಂದದ್ದರಿಂದ ಬೆಂಗಳೂರಿನವನಾಗಿ ನಾನು ಕೆಲವು ಮಾತು ಹೇಳಲೇಬೇಕು. ಆ ದಿನ ಅಫ್ಗಾನಿಸ್ತಾನದ ತಂಡ ಎಂಥ ಸ್ಥಿತಿಯಲ್ಲಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಸ್ವದೇಶದಲ್ಲಿ ಒಂದೇ ಒಂದು ಅರ್ಹತಾ ಪಂದ್ಯ ಆಡುವ ಭಾಗ್ಯ ಅವರಿಗಿರಲಿಲ್ಲ, ತವರಿನ ಪಂದ್ಯಗಳೆಂದು ಆಡಿದ್ದೆಲ್ಲ ಸೌದಿ ನೆಲದಲ್ಲಿ. ಅವರದೇ ಫೆಡರೇಷನ್ನಿನ ವಿರುದ್ಧ ಭ್ರಷ್ಟಾಚಾರದ ಆರೋಪ ಮಾಡಿ ಹಲವು ಹಿರಿಯ ಆಟಗಾರರು ಆ ಸರಣಿಯಿಂದ ದೂರ ಉಳಿದಿದ್ದರು. ಫಿಫಾ ಪಟ್ಟಿಯಲ್ಲಿ ಭಾರತ 117ರಲ್ಲಿ, ಅವರು 158ರಲ್ಲಿ. ಕತಾರ್ ಎದುರು ಮೊದಲ ಪಂದ್ಯದಲ್ಲಿ 1–8ರಿಂದ ಸೋತವರು. ಛೆಟ್ರಿ ತಮ್ಮ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ 38ನೇ ನಿಮಿಷದ ಪೆನಾಲ್ಟಿಯಿಂದ 94ನೇ ಗೋಲು ಹೊಡೆದಾಗ ಎಲ್ಲವೂ ಮುಗಿದಂತೆಯೇ ಕಂಡಿತ್ತು. 70ನೇ ನಿಮಿಷಕ್ಕೆ ರಹಮತ್ ಅಕ್ಬರಿ ಸಮ ಮಾಡಿದರು, 88ನೇ ನಿಮಿಷಕ್ಕೆ ಶರೀಫ್ ಮುಖಮ್ಮದ್ ಪೆನಾಲ್ಟಿಯಿಂದ ಗೆಲುವು ತಂದುಕೊಟ್ಟರು.

ಅವರ ಕೋಚ್ ಆಗಿ ಪಕ್ಕದ ಗೆರೆಯ ಬಳಿ ನಿಂತಿದ್ದವರು ಆಶ್ಲಿ ವೆಸ್ಟ್‌ವುಡ್. ನಮ್ಮ ಊರಿನ ಮೈದಾನಗಳಿಗೆ ಅವರ ಪರಿಚಯ ಹೇಳಬೇಕಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗ ಅದರ ಮೊದಲ ಕೋಚ್ ಆದವರು, ಮೊದಲ ಪ್ರಯತ್ನದಲ್ಲೇ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆಲ್ಲಿಸಿದವರು, 2016ರಲ್ಲಿ ಎರಡನೇ ಸಲ ಗೆಲ್ಲಿಸಿ ಹೊರಟವರು. ಛೆಟ್ರಿಯನ್ನು ಮೂರು ವರ್ಷ ಆಡಿಸಿದ ಕೋಚ್‌ಗೆ ಭಾರತದ ಆಕ್ರಮಣ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಒಣಗುತ್ತದೆ ಎಂಬುದು ಗೊತ್ತಿರದೇ ಇದ್ದೀತೇ? ಮುಂದೆ ಅವರು ಹಾಂಗ್‌ಕಾಂಗ್ ತಂಡಕ್ಕೆ ಹೋದರು. 2025ರ ಜೂನ್ 10ರಂದು ಕೈ ಟಾಕ್ ಕ್ರೀಡಾಂಗಣದಲ್ಲಿ, ಹೆಚ್ಚುವರಿ ಸಮಯದ ನಾಲ್ಕನೇ ನಿಮಿಷದಲ್ಲಿ ಸ್ಟೆಫಾನ್ ಪೆರೇರಾ ಹೊಡೆದ ಪೆನಾಲ್ಟಿಯಿಂದ ಭಾರತ ಮತ್ತೆ ಅವರದೇ ತಂಡಕ್ಕೆ ಸೋತಿತು. ಮೂರು ವರ್ಷ ಹಿಂದೆ, 2022ರ ಜೂನ್‌ನಲ್ಲಿ, ಕೋಲ್ಕತ್ತದಲ್ಲಿ ನಾವು ಇದೇ ಹಾಂಗ್‌ಕಾಂಗ್ ತಂಡವನ್ನು 4–0ರಿಂದ ಮಣಿಸಿ ಏಷ್ಯಾ ಕಪ್ ಅರ್ಹತಾ ಗುಂಪಿನಲ್ಲಿ ಅಗ್ರಸ್ಥಾನ ಪಡೆದಿದ್ದೆವು ಎಂಬುದು ನನಗೆ ಈಗಲೂ ಕರುಳು ಹಿಂಡುವ ಸಂಗತಿ.

ಗೋಲು ಹೊಡೆಯುವವರು ನಮ್ಮಲ್ಲಿಲ್ಲ. ಛೆಟ್ರಿಯ ನಂತರ ಯಾರು ಎಂಬ ಪ್ರಶ್ನೆಗೆ ಹತ್ತು ವರ್ಷದಿಂದ ಉತ್ತರ ಸಿಕ್ಕಿಲ್ಲ. 2024ರ ಜೂನ್‌ನಲ್ಲಿ ವಿದಾಯ ಹೇಳಿದವರನ್ನೇ 2025ರ ಮಾರ್ಚ್‌ನಲ್ಲಿ, ನಲವತ್ತು ತುಂಬಿದ ಮೇಲೆ, ಮತ್ತೆ ಕರೆತರಬೇಕಾಗಿ ಬಂತು. ಇಂಡಿಯನ್ ಸೂಪರ್ ಲೀಗ್‌ನಲ್ಲಿ ಒಂದೇ ಹೊತ್ತಿಗೆ ಒಂದು ತಂಡದ ನಾಲ್ವರು ವಿದೇಶಿಯರು ಕಣದಲ್ಲಿರಬಹುದು. ಕ್ಲಬ್ಬುಗಳು ಅವರಲ್ಲಿ ಒಬ್ಬರನ್ನಾದರೂ ಗೋಲಿನ ಮುಂದೆ ನಿಲ್ಲಿಸುತ್ತವೆ. ದುಡ್ಡು ಹಾಕಿದವರಿಗೆ ಅದೇ ಸುರಕ್ಷಿತ, ಅವರನ್ನು ದೂರುವಂತಿಲ್ಲ. ಆದರೆ ನಮ್ಮ ಹುಡುಗ ವಿಂಗ್‌ಗೆ ಸರಿಯುತ್ತಾನೆ, ಇಲ್ಲವೇ ಬೆಂಚಿನ ಮೇಲೆ ಕೂರುತ್ತಾನೆ. ಛಾಂಗ್ಟೆ, ಮನ್‌ವೀರ್, ವಿಕ್ರಮ್ ಪ್ರತಾಪ್ ಎಲ್ಲರೂ ಕ್ಲಬ್ಬಿಗೆ ಹೆಚ್ಚಾಗಿ ಬದಿಯಿಂದ ಆಡಿದವರೇ. ಪೆನಾಲ್ಟಿ ಪ್ರದೇಶದೊಳಗೆ ಅರೆಗಳಿಗೆಯಲ್ಲಿ ತೀರ್ಮಾನಿಸುವ ಅಭ್ಯಾಸ ಬರುವುದು ವಾರವಾರ ಆ ಜಾಗದಲ್ಲಿ ಆಡಿದಾಗ ಮಾತ್ರ.

ಮಂಗಳೂರು ನೆಹರೂ ಮೈದಾನ

ಹಳಬರು ಹೇಳಿದ್ದರಲ್ಲಿ ಗೋಲಿನ ಬರದ ಮಾತು ಒಪ್ಪತಕ್ಕದ್ದೇ. ಅದರಷ್ಟೇ ಗಂಭೀರವಾದ ಇನ್ನೊಂದು ವಿಷಯದತ್ತ ಯಾರೂ ನೋಡಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಆ ಆರು ಪಂದ್ಯಗಳಲ್ಲಿ ಭಾರತ ಬಿಟ್ಟುಕೊಟ್ಟದ್ದು ಏಳು ಗೋಲು. ಅವು ಬಂದ ನಿಮಿಷಗಳನ್ನು ನೋಡಿ: ಭುವನೇಶ್ವರದಲ್ಲಿ 4, 47, 86, ಗುವಾಹಟಿಯಲ್ಲಿ 70, 88, ದೋಹಾದಲ್ಲಿ 73, 85. ಏಳರಲ್ಲಿ ಐದು, 70ನೇ ನಿಮಿಷದಲ್ಲಿ ಅಥವಾ ಅದರ ಆಚೆ. ಮುನ್ನಡೆ ಪಡೆದ ಮೂರು ಪಂದ್ಯಗಳಲ್ಲಿ ಎರಡನ್ನು ನಾವು ಈ ಕೊನೆಯ 20 ನಿಮಿಷಗಳಲ್ಲೇ ಕಳೆದುಕೊಂಡೆವು.

ಇದು ಹೊಸ ರೋಗವೂ ಅಲ್ಲ. ಹಿಂದಿನ ವಿಶ್ವಕಪ್ ಅರ್ಹತೆಯ ಮೊದಲ ಪಂದ್ಯ, 2019ರ ಸೆಪ್ಟೆಂಬರ್ 5, ಅದೇ ಗುವಾಹಟಿ, ಎದುರಾಳಿ ಒಮಾನ್. ಛೆಟ್ರಿ 24ನೇ ನಿಮಿಷದಲ್ಲಿ ಮುನ್ನಡೆ ಕೊಟ್ಟರು. 82ರಲ್ಲಿ ಒಂದು, 90ರಲ್ಲಿ ಇನ್ನೊಂದು ಬಿಟ್ಟುಕೊಟ್ಟು 1–2ರಿಂದ ಸೋತೆವು. ಐದು ವರ್ಷಗಳೊಳಗೆ ಒಂದೇ ಊರಿನಲ್ಲಿ, ಒಂದೇ ಅಂತರದಲ್ಲಿ, ಒಂದೇ ರೀತಿಯಲ್ಲಿ ಎರಡು ಸೋಲು. ಕೈ ಟಾಕ್‌ನ ಪೆನಾಲ್ಟಿಯನ್ನೂ ಇದಕ್ಕೆ ಸೇರಿಸಿ.

ಕಾರಣ ಬರೀ ಉಸಿರಿನದು ಎಂದು ನಾನು ಹೇಳಲಾರೆ. ನನ್ನ ಮಟ್ಟಿಗೆ ಮುಖ್ಯ ಕಾರಣ ಚೆಂಡನ್ನು ಕಾಲಲ್ಲಿ ಇಟ್ಟುಕೊಳ್ಳಲಾಗದಿರುವುದು. ಮುನ್ನಡೆ ಸಿಕ್ಕಿದ ಕೂಡಲೇ ನಮ್ಮವರು ಹತ್ತು ಹೆಜ್ಜೆ ಹಿಂದೆ ಸರಿಯುತ್ತಾರೆ, ಸಿಕ್ಕಿದ ಚೆಂಡನ್ನು ದೂರಕ್ಕೆ ಒದೆಯುತ್ತಾರೆ, ಅದು ಮರಳಿ ಬರುತ್ತದೆ. ಹೀಗೆ ಹತ್ತು ಸಲ ಮರಳಿ ಬಂದ ಚೆಂಡನ್ನು ಹನ್ನೊಂದನೆಯ ಸಲ ತಡೆಯುವುದು ಯಾವ ರಕ್ಷಣಾ ಸಾಲಿಗೂ ಕಷ್ಟ. ಅದರ ಮೇಲೆ 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಗಾಯಗೊಂಡ ಸಂದೇಶ್ ಝಿಂಗನ್ ಮಾರ್ಚ್‌ನಲ್ಲೂ ಇರಲಿಲ್ಲ, ಜೂನ್‌ನಲ್ಲೂ ಇರಲಿಲ್ಲ. ರಕ್ಷಣೆಯಲ್ಲಿ ಕೂಗಿ ಹೇಳಿ ಎಲ್ಲರನ್ನೂ ಜಾಗದಲ್ಲಿ ನಿಲ್ಲಿಸುವ ದನಿ ಅದು.

ದೋಹಾ ಕನ್ನಡಿಗ

ನೆಹರೂ ಮೈದಾನದವರೇ, ನಿಮಿಷಗಳ ಪಟ್ಟಿ ಮನಸ್ಸಿಗೆ ತಟ್ಟಿತು. ಆದರೂ ಇದೇ ದೋಹಾದಲ್ಲಿ, 2019ರ ಸೆಪ್ಟೆಂಬರ್ 10ರಂದು, ಒಮಾನ್ ಎದುರು ಹಾಗೆ ಸೋತ ಐದೇ ದಿನಗಳಲ್ಲಿ, ಜ್ವರದಿಂದ ಛೆಟ್ರಿ ಹೊರಗುಳಿದಿದ್ದಾಗ, ಇದೇ ಗುರ್‌ಪ್ರೀತ್ ನಾಯಕತ್ವದಲ್ಲಿ ಭಾರತ ಕತಾರ್ ಎದುರು 90 ನಿಮಿಷವೂ ಗೋಲು ಬಿಡದೆ 0–0 ಡ್ರಾ ಮಾಡಿಕೊಂಡಿತ್ತು. ಆಗಲೂ ಅವರು ಏಷ್ಯಾ ಚಾಂಪಿಯನ್ನರೇ, ಅದೂ ಪೂರ್ಣ ಬಲದ ತಂಡ. ಅಂದರೆ ಕೊನೆಯವರೆಗೆ ಕಾಯುವುದು ನಮಗೆ ಬರುವುದೇ ಇಲ್ಲ ಎಂದು ತೀರ್ಮಾನಿಸಬೇಡಿ. ಬೇಲಿ ಹಾಕಿ ಕೂತಾಗ ಕಾಯಬಲ್ಲೆವು. ನಮ್ಮ ಕೈಗೆ ಮುನ್ನಡೆ ಬಂದಾಗ, ಅದನ್ನು ಕಳೆದುಕೊಳ್ಳುವ ಭಯವೂ ಜೊತೆಗೇ ಬಂದಾಗ, ಎಡವುತ್ತೇವೆ. ಈ ಭಯ ದೊಡ್ಡ ಪಂದ್ಯಗಳನ್ನು ಗೆದ್ದು ಗೆದ್ದು ಹೋಗಬೇಕಾದದ್ದು. ಅದಕ್ಕೇ ಆ ರಾತ್ರಿಯ ಅನ್ಯಾಯ ನನ್ನನ್ನು ಇನ್ನೂ ಬಿಟ್ಟಿಲ್ಲ. ಗೆದ್ದಿದ್ದರೆ ಮೂರನೇ ಸುತ್ತಿನಲ್ಲಿ ಏಷ್ಯಾದ ಮೇಲ್ದರ್ಜೆಯ ತಂಡಗಳ ಎದುರು ಹತ್ತು ಪಂದ್ಯ ಸಿಗುತ್ತಿತ್ತು. ಎಲ್ಲವನ್ನೂ ಸೋತಿದ್ದರೂ ಆ ಹತ್ತು ಪಂದ್ಯಗಳು ಕಲಿಸುವ ಪಾಠ ಬೇರೆ ಎಲ್ಲೂ ಸಿಗುವುದಿಲ್ಲ.

ಕಂಠೀರವ ಪೂರ್ವ ಗ್ಯಾಲರಿ

ಇದು ಈ ಚರ್ಚೆಯಲ್ಲಿ ಬಂದ ಬಹಳ ತೂಕದ ಮಾತು. ಕಳೆದುಹೋದದ್ದು ಆ ಹತ್ತು ಪಂದ್ಯಗಳು ಎಂಬುದನ್ನು ಮನಸಾರೆ ಒಪ್ಪುತ್ತೇನೆ.

ಕೋಚ್ ಇಗೊರ್ ಸ್ಟಿಮಾಚ್ ಮೂರನೇ ಸುತ್ತಿಗೆ ತಲುಪದಿದ್ದರೆ ತಾವೇ ಹುದ್ದೆ ಬಿಡುವುದಾಗಿ ಹೇಳಿದ್ದರು, ಜೂನ್ 17ರಂದು ಫೆಡರೇಷನ್ನೇ ಅವರನ್ನು ತೆಗೆಯಿತು. ಮನೊಲೊ ಮಾರ್ಕೆಸ್ ಬಂದು ಒಂದು ವರ್ಷದಲ್ಲಿ ಹೋದರು, 2025ರ ಆಗಸ್ಟ್‌ನಲ್ಲಿ ಖಾಲಿದ್ ಜಮೀಲ್ ಬಂದರು. ಒಂದೂವರೆ ವರ್ಷದೊಳಗೆ ಮೂವರು ಕೋಚ್‌ಗಳ ಕೈಗೆ ಸಿಕ್ಕ ತಂಡದಲ್ಲಿ ಮುನ್ನಡೆ ಕಾಯುವ ಅಭ್ಯಾಸ ಹೇಗೆ ಬೇರೂರಬೇಕು? ಜಮೀಲ್ ಅವರಿಗೆ ಸಿಕ್ಕ ಪರಿಸ್ಥಿತಿಯಂತೂ ಯಾರಿಗೂ ಬೇಡ: ಲೀಗ್‌ನ ಹಕ್ಕುಗಳ ಒಪ್ಪಂದ ಇತ್ಯರ್ಥವಾಗದೆ ಹೊಸ ಋತುವೇ ಆರಂಭವಾಗಿರಲಿಲ್ಲ. ಅಕ್ಟೋಬರ್ 9ರಂದು ಸಿಂಗಪುರದಲ್ಲಿ ಝಿಂಗನ್ ಎರಡನೇ ಅರ್ಧದ ಆರಂಭದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೂ ಹತ್ತು ಮಂದಿ ಹೋರಾಡಿ, 90ನೇ ನಿಮಿಷದಲ್ಲಿ ರಹೀಮ್ ಅಲಿ ಹೊಡೆದ ಗೋಲಿನಿಂದ 1–1 ಮಾಡಿಕೊಂಡರು. ಐದು ದಿನಗಳ ನಂತರ ಮಡಗಾಂವ್‌ನಲ್ಲಿ ಛಾಂಗ್ಟೆ 14ನೇ ನಿಮಿಷಕ್ಕೇ ಮುನ್ನಡೆ ಕೊಟ್ಟರೂ ಸಿಂಗಪುರದ ಸಾಂಗ್ ಉಯಿ-ಯಂಗ್ ಎರಡು ಗೋಲು ಹೊಡೆದರು, 1–2. ಮತ್ತೆ ತವರು, ಮತ್ತೆ ಕೈಯಲ್ಲಿದ್ದ ಮುನ್ನಡೆ, ಮತ್ತೆ ಅದೇ ಅಂಕಿ. ಅರ್ಹತೆಯ ಬಾಗಿಲು ಮುಚ್ಚಿದ್ದು ಅಂದೇ, ಢಾಕಾದಲ್ಲಿ ಅಲ್ಲ.

ಹುಬ್ಬಳ್ಳಿ ಓದುಗಿ

ಎಲ್ಲರೂ ಪುರುಷರ ತಂಡದ ಬಗ್ಗೆಯೇ ಬರೆಯುತ್ತಿದ್ದೀರಿ. ಅದೇ 2025ರಲ್ಲಿ ನಮ್ಮ ಮಹಿಳೆಯರು ಏಷ್ಯಾ ಕಪ್‌ನ ಅರ್ಹತಾ ಸುತ್ತನ್ನು ಗೆದ್ದರು ಎಂಬುದು ಈ ಚರ್ಚೆಗೆ ಸಂಬಂಧಿಸಿದ ಸಂಗತಿ ಎಂದೇ ನಾನು ಭಾವಿಸುತ್ತೇನೆ. ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಎಲ್ಲ ಪಂದ್ಯಗಳು; ಗುಂಪಿಗೆ ಒಬ್ಬರಿಗೇ ಅವಕಾಶ ಎಂಬ ಕಟ್ಟುನಿಟ್ಟು ಅಲ್ಲಿಯೂ ಇತ್ತು. ಮಂಗೋಲಿಯಾ ವಿರುದ್ಧ 13–0, ತಿಮೋರ್ ಲೆಸ್ಟೆ ವಿರುದ್ಧ 4–0, ಇರಾಕ್ ವಿರುದ್ಧ 5–0. ಜುಲೈ 5ರಂದು ಕೊನೆಯ ಪಂದ್ಯ ಆತಿಥೇಯ ಥಾಯ್ಲೆಂಡ್ ಜೊತೆ, ಎರಡು ಸಲ ವಿಶ್ವಕಪ್ ಆಡಿದ ತಂಡದ ಜೊತೆ. ಸಂಗೀತಾ ಬಾಸ್‌ಫೋರ್ ಗೋಲು ಹೊಡೆದರು, ಎರಡನೇ ಅರ್ಧದ ಶುರುವಿನಲ್ಲೇ ಥಾಯ್ಲೆಂಡ್ ಸಮ ಮಾಡಿತು. ಇಲ್ಲಿಯೇ ನಮ್ಮ ಪುರುಷರ ತಂಡ ಕುಸಿಯುತ್ತಿತ್ತು. ಹುಡುಗಿಯರು ಕುಸಿಯಲಿಲ್ಲ. 74ನೇ ನಿಮಿಷದಲ್ಲಿ ಸಂಗೀತಾ ಇನ್ನೊಂದು ಗೋಲು ಹೊಡೆದರು, ಉಳಿದ ಸಮಯವನ್ನು ತಂಡ ಕಾದುಕೊಂಡಿತು. ಅರ್ಹತಾ ಟೂರ್ನಿಯ ಮೂಲಕ ಭಾರತದ ಮಹಿಳೆಯರು ಏಷ್ಯಾ ಕಪ್‌ಗೆ ತಲುಪಿದ್ದು ಅದೇ ಮೊದಲು. ಆಗ ಕೋಚ್ ಆಗಿದ್ದ ಕ್ರಿಸ್ಪಿನ್ ಛೆಟ್ರಿ ಭಾರತೀಯರೇ. ಪುರುಷರ ತಂಡಕ್ಕೆ ಸಿಗುವ ಹಣ, ಪ್ರಚಾರ, ಲೀಗ್ ಯಾವುದೂ ಆ ಮಟ್ಟದಲ್ಲಿ ಇವರಿಗೆ ಸಿಕ್ಕಿಲ್ಲ.

ಮಂಗಳೂರು ನೆಹರೂ ಮೈದಾನ

ನೀವು ಹೇಳಿದ್ದು ನೂರಕ್ಕೆ ನೂರು ಸರಿ, ಸಹೋದರಿ. ಆ ಥಾಯ್ಲೆಂಡ್ ಪಂದ್ಯದಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡನೇ ಗೋಲಿನ ನಂತರವೂ ತಂಡ ಹಿಂದೆ ಸರಿದು ಕೂರದೆ ಇದ್ದದ್ದು.

ಆಸ್ಟಿನ್ ಟೌನ್ ಹಳಬ

ಅಂಗಣದ ವಿಷಯವಾಗಿ ನನ್ನದೊಂದು ಕೋರಿಕೆ ಇದೆ. ಈ ಎರಡೂ ಅರ್ಹತಾ ಸುತ್ತುಗಳಲ್ಲಿ ಭಾರತದ ತವರು ಪಂದ್ಯಗಳು ಭುವನೇಶ್ವರ, ಗುವಾಹಟಿ, ಕೋಲ್ಕತ್ತ, ಶಿಲ್ಲಾಂಗ್, ಮಡಗಾಂವ್ ಎಂದು ಊರೂರು ಅಲೆದವು. ಆಟಗಾರರಿಗೆ ಹುಲ್ಲೂ ಹೊಸತು, ಗಾಳಿಯೂ ಹೊಸತು. ಆಯಾ ಊರಿನ ಜನರ ಪ್ರೀತಿಯ ಬಗ್ಗೆ ನನಗೆ ಗೌರವವಿದೆ. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಸಾಲ್ಟ್‌ಲೇಕ್‌ನಲ್ಲಿ ಛೆಟ್ರಿಯನ್ನು ಬೀಳ್ಕೊಟ್ಟ ದೃಶ್ಯ ಬೇರೆಲ್ಲೂ ಸಾಧ್ಯವಿರಲಿಲ್ಲ. ಆದರೂ ಎದುರಾಳಿಗೆ ನಮ್ಮಷ್ಟೇ ಅಪರಿಚಿತವಾದ ಅಂಗಣ ನಮಗೆ ಯಾವ ಲಾಭ ಕೊಟ್ಟೀತು? 2019ರ ಏಷ್ಯಾ ಕಪ್‌ನ ಅರ್ಹತೆಯನ್ನು ನೆನಪಿಸಿಕೊಳ್ಳಿ. 2017ರ ಜೂನ್ 13ರಂದು ಕಂಠೀರವದಲ್ಲಿ ಛೆಟ್ರಿ ಒಬ್ಬರೇ ಹೊಡೆದ ಗೋಲಿನಿಂದ ಕಿರ್ಗಿಸ್ತಾನವನ್ನು 1–0ರಿಂದ ಸೋಲಿಸಿದೆವು, ಅಕ್ಟೋಬರ್ 11ರಂದು ಅಲ್ಲಿಯೇ ಮಕಾವ್ ವಿರುದ್ಧ 4–1ರಿಂದ ಗೆದ್ದು ಅರ್ಹತೆ ಖಚಿತಪಡಿಸಿಕೊಂಡೆವು. ಒಂದೇ ಊರಿನಲ್ಲಿ ಎರಡು ಪಂದ್ಯ, ಎರಡೂ ಗೆಲುವು. 2023ರ ಸ್ಯಾಫ್ (ದಕ್ಷಿಣ ಏಷ್ಯಾ) ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಕುವೈತ್ ತಂಡವನ್ನು ಪೆನಾಲ್ಟಿಗಳಲ್ಲಿ ಮಣಿಸಿದ್ದೂ ಇದೇ ನೆಲದಲ್ಲಿ.

ಒಂದು ಊರನ್ನು, ಅದು ಬೆಂಗಳೂರೇ ಆಗಬೇಕೆಂದಿಲ್ಲ, ಇಡೀ ಅರ್ಹತಾ ಸುತ್ತಿಗೆ ತವರೆಂದು ಗೊತ್ತುಮಾಡಿ, ಶಿಬಿರವನ್ನೂ ಅಲ್ಲಿಯೇ ನಡೆಸಬೇಕು ಎಂಬುದು ನನ್ನ ಕೋರಿಕೆ.

ನಿಯಮ ಪುಸ್ತಕ

ಕಂಠೀರವ ಯಾವಾಗಲೂ ಶುಭವೇ ತಂದಿದೆ ಎನ್ನುವಂತಿಲ್ಲ, ಹಳಬರೇ. 2018ರ ವಿಶ್ವಕಪ್ ಅರ್ಹತೆಯಲ್ಲಿ 2015ರ ಜೂನ್ 11ರಂದು, ದೋಹಾ ಪಂದ್ಯದ ದಿನಾಂಕವೇ ಅದು, ಒಮಾನ್ ಎದುರು ಅಲ್ಲಿ 1–2ರಿಂದ ಸೋತಿದ್ದೆವು, ಸೆಪ್ಟೆಂಬರ್‌ನಲ್ಲಿ ಇರಾನ್ ಎದುರು 0–3. ಆ ಗುಂಪಿನಲ್ಲಿ ನಮಗೆ ಸಿಕ್ಕ ಏಕೈಕ ಗೆಲುವು, ಗುವಾಮ್ ವಿರುದ್ಧದ 1–0, ಕೂಡ ಅಲ್ಲಿಯದೇ ಎಂಬುದನ್ನೂ ಹೇಳಿಬಿಡುತ್ತೇನೆ. ಒಂದೇ ತವರು ಎಂಬ ನಿಮ್ಮ ಸಲಹೆಗೆ ನನ್ನ ಬೆಂಬಲವಿದೆ. ಕುವೈತ್, ಸಿಂಗಪುರ, ಹಾಂಗ್‌ಕಾಂಗ್ ಎಲ್ಲವೂ ಹಾಗೆಯೇ ಮಾಡುತ್ತವೆ. ಸಣ್ಣ ದೇಶಗಳಾದ್ದರಿಂದ ಅವರಿಗೆ ಅದು ತಾನಾಗಿಯೇ ಒದಗಿಬಂದ ಅನುಕೂಲ.

ದೋಹಾ ಕನ್ನಡಿಗ

ಹೊರದೇಶದಲ್ಲಿ ಹುಟ್ಟಿ ಬೆಳೆದ ಭಾರತ ಮೂಲದ ಆಟಗಾರರ ವಿಷಯವನ್ನೂ ಇಲ್ಲಿ ಎತ್ತಬೇಕು. ಶಿಲ್ಲಾಂಗ್‌ನಲ್ಲಿ 2025ರ ಮಾರ್ಚ್ 25ರಂದು ಬಾಂಗ್ಲಾದೇಶ 0–0 ಡ್ರಾ ಮಾಡಿಕೊಂಡಾಗ ಅವರ ಪರ ಮೊದಲ ಪಂದ್ಯ ಆಡಿದವರು ಇಂಗ್ಲೆಂಡ್‌ನ ಲೀಗ್‌ನಲ್ಲಿ ಪಳಗಿದ ಹಂಝಾ ಚೌಧುರಿ. ಅವರೊಬ್ಬರು ಮಧ್ಯದಲ್ಲಿ ನಿಂತದ್ದರಿಂದ ಆ ತಂಡದ ಧೈರ್ಯವೇ ಬದಲಾಯಿತು. ನಮ್ಮಲ್ಲಿ ಭಾರತೀಯ ಪಾಸ್‌ಪೋರ್ಟ್ ಇಲ್ಲದವರು ಆಡುವಂತಿಲ್ಲ, ಎರಡು ಪೌರತ್ವಕ್ಕೆ ಅವಕಾಶವೂ ಇಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವವನ್ನೇ ಬಿಟ್ಟು 2025ರ ನವೆಂಬರ್‌ನಲ್ಲಿ ಭಾರತೀಯರಾದರು. ಎಲ್ಲರಿಂದಲೂ ಇಂಥ ತ್ಯಾಗ ನಿರೀಕ್ಷಿಸಲಾಗದು.

ಆಸ್ಟಿನ್ ಟೌನ್ ಹಳಬ

ರಯಾನ್ ಅವರ ನಿರ್ಧಾರಕ್ಕೆ ನನ್ನ ನಮಸ್ಕಾರ. ಆದರೆ ಸ್ವಾಮಿ, ಹೊರಗಿನಿಂದ ಇಬ್ಬರು ಮೂವರು ಬಂದರೆ ತಂಡಕ್ಕೆ ಬಲ ಬಂದೀತೇ ಹೊರತು ಊರಿನ ಆಟಕ್ಕೆ ಬರುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು, 1956ರಲ್ಲಿ ಮೆಲ್ಬರ್ನ್‌ನಲ್ಲಿ ಸೆಮಿಫೈನಲ್ ತಲುಪಿದ ತಂಡದಲ್ಲಿದ್ದ ಕೆಂಪಯ್ಯ ಬೆಂಗಳೂರಿನವರು. ಅವರೆಲ್ಲ ದಂಡು ಪ್ರದೇಶದ ಸುತ್ತಲಿನ ಮೈದಾನಗಳಲ್ಲಿ, ವಾರವಾರ ನಡೆಯುತ್ತಿದ್ದ ಸ್ಥಳೀಯ ಪಂದ್ಯಗಳಲ್ಲಿ ಬೆಳೆದರು. ಈಗ ಹದಿನಾಲ್ಕು ವರ್ಷದ ಹುಡುಗನಿಗೆ ವರ್ಷಕ್ಕೆ ಎಷ್ಟು ಸ್ಪರ್ಧಾತ್ಮಕ ಪಂದ್ಯ ಸಿಗುತ್ತದೆ ಎಂದು ಯಾವ ಕೋಚ್‌ನನ್ನಾದರೂ ಕೇಳಿ ನೋಡಿ. ಕೊನೆಯ 20 ನಿಮಿಷ ಹೇಗೆ ಆಡಬೇಕೆಂಬುದನ್ನು ಆ ವಯಸ್ಸಿನಲ್ಲಿ ನೂರಾರು ಪಂದ್ಯ ಆಡಿಯೇ ಕಲಿಯಬೇಕು.

ಮಂಗಳೂರು ನೆಹರೂ ಮೈದಾನ

ಆ ಮಾತಿಗೆ ಹತ್ತಿರದ ನಿದರ್ಶನವೊಂದನ್ನು ಸೇರಿಸುತ್ತೇನೆ. 2025ರ ನವೆಂಬರ್ 30ರಂದು, ಢಾಕಾ ಸೋಲಿನ ಎರಡು ವಾರಗಳೊಳಗೆ, ಅಹಮದಾಬಾದ್‌ನಲ್ಲಿ 17 ವರ್ಷದೊಳಗಿನವರ ಏಷ್ಯಾ ಕಪ್ ಅರ್ಹತೆಯ ಕೊನೆಯ ಪಂದ್ಯ ನಡೆಯಿತು. ಎದುರಾಳಿ ಇರಾನ್, ಗೆಲುವೊಂದೇ ದಾರಿ. ಮೊದಲು ಗೋಲು ಹೊಡೆದದ್ದು ಇರಾನ್. ಬಿಬಿಯಾನೊ ಫೆರ್ನಾಂಡಿಸ್ ತರಬೇತಿಯ ನಮ್ಮ ಹುಡುಗರು ವಿರಾಮಕ್ಕೆ ಮುಂಚೆ ಪೆನಾಲ್ಟಿಯಿಂದ ಸಮ ಮಾಡಿಕೊಂಡು, ಎರಡನೇ ಅರ್ಧದ ಆರಂಭದಲ್ಲೇ ಮುನ್ನಡೆ ಪಡೆದರು. ಅಲ್ಲಿಂದ ಕೊನೆಯ ಸೀಟಿಯವರೆಗೂ ಇರಾನ್ ಒತ್ತಡ ಹಾಕುತ್ತಲೇ ಇತ್ತು, ನಮ್ಮವರು ಬಿಟ್ಟುಕೊಡಲಿಲ್ಲ. 2–1ರಿಂದ ಗೆದ್ದು ಅರ್ಹತೆ ಪಡೆದರು.

ಇವರಿಗೆ ಇನ್ನು ಮೂರು ನಾಲ್ಕು ವರ್ಷ ವಾರವಾರ ಆಡಲು ಲೀಗ್ ಬೇಕು, ಅದರಲ್ಲೂ ಮುಂಚೂಣಿಯ ಹುಡುಗರಿಗೆ ಗೋಲಿನ ಎದುರಿನ ಜಾಗ ಬೇಕು. ಅದನ್ನು ಯಾವ ಕ್ಲಬ್ಬು ಎಷ್ಟು ನಿಮಿಷ ಕೊಡುತ್ತದೆ ಎಂಬುದನ್ನು ಮುಂದಿನ ಋತುವಿನಿಂದ ನಾವೇ ಇಲ್ಲಿ ದಾಖಲಿಸುತ್ತಾ ಹೋಗೋಣ. ಮಂಗಳೂರಿನ ಕಡೆಯ ಹುಡುಗರ ವಿವರವನ್ನು ನಾನು ಬರೆಯುತ್ತೇನೆ. ಬೆಂಗಳೂರಿನದನ್ನು ಹಳಬರು ವಹಿಸಿಕೊಂಡರೆ ಉಪಕಾರವಾಗುತ್ತದೆ.

ಆಸ್ಟಿನ್ ಟೌನ್ ಹಳಬ

ವಹಿಸಿಕೊಂಡೆ. ಜಿಲ್ಲಾ ಲೀಗ್ ಪಂದ್ಯಗಳನ್ನೂ ಸೇರಿಸುತ್ತೇನೆ.